ಹತ್ತು ಸಾವಿರ ದಾಟಿದ ತೊಗರಿ, ಕೆಳಗೆ ಬಿದ್ದ ದರ

ಕಲಬುರಗಿ ಗಂಜ್‌ನಲ್ಲಿ ನಮ್ಮ ಕಾಕಾನ ದಲಾಲಿ ಅಂಗಡಿ ಇದೆ. ದಿನದ ತೊಗರಿ ದರವನ್ನು ಮೊಬೈಲ್‌ನಲ್ಲೇ ನೋಡಲಿ ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಣ್ಣ ಪೇಜ್ ಮಾಡಿಕೊಟ್ಟಿದ್ದೆ. ಜಾಸ್ತಿ ದರ ಮೇಲೆ, ಕಡಿಮೆ ದರ ಕೆಳಗೆ. ತಿಂಗಳುಗಟ್ಟಲೆ ಸರಿಯಾಗೇ ಇತ್ತು. ಒಂದಿನ ಕಾಕಾ ಫೋನ್ ಮಾಡಿದರು: "ಯಾಕಪಾ ತಮ್ಮಾ, ಹತ್ತ್ ಸಾವ್ರದ ಮಾಲು ತೆಳಗ್ಯಾಕ ಬಂದದ?"

ನಾನು ಬರೆದಿದ್ದು ಬರೀ ಸಾರ್ಟ್ (ಪಟ್ಟಿಯನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಆಜ್ಞೆ), ಆಮೇಲೆ ಅದನ್ನು ತಿರುಗಿಸುವ ರಿವರ್ಸ್. ಬರೀ ಸಾರ್ಟ್ ಎಂದರೆ ಜಾವಾಸ್ಕ್ರಿಪ್ಟ್ ಅಂಕಿಗಳನ್ನೂ ಅಕ್ಷರ ಮಾಡಿಕೊಂಡು, ನಿಘಂಟಿನ ಹಾಗೆ ಮೊದಲಿನಿಂದ ಒಂದೊಂದೇ ಹೋಲಿಸುತ್ತದೆ. 7850, 8075, 9650 ಎಲ್ಲವೂ ನಾಲ್ಕಂಕಿ ಇದ್ದಾಗ ತಪ್ಪು ಹೊರಗೆ ಬರುವುದೇ ಇಲ್ಲ. 10200 ಬಂದ ದಿನ ಮೊದಲ ಅಕ್ಷರ 1. ಅದು 7ಕ್ಕಿಂತ ಸಣ್ಣದು, ಸೀದಾ ತಳಕ್ಕೆ.

ಎರಡನೆಯ ದಾರಿ, ಸಾರ್ಟ್‌ಗೆ ಹೋಲಿಸುವ ಫಂಕ್ಷನ್ ಕೊಡುವುದು, ಅಂದರೆ ಎ, ಬಿ ಎಂಬ ಎರಡು ದರಗಳಲ್ಲಿ ಯಾವುದು ಮೊದಲು ಅಂತ ಹೇಳುವ ಸಣ್ಣ ಕೋಡ್. ಅವಸರದಲ್ಲಿ ಮೊದಲು 'ಎಗಿಂತ ಬಿ ದೊಡ್ಡದೇ' ಅಂತ ಕೇಳಿ ಹೌದು-ಇಲ್ಲ ಉತ್ತರ ಕೊಡುವ ಹಾಗೆ ಬರೆದೆ. ಪಟ್ಟಿ ಅಲುಗಾಡಲೇ ಇಲ್ಲ! ಹೌದು ಎಂದರೆ 1, ಇಲ್ಲ ಎಂದರೆ 0. ಜಾಗ ಬದಲಿಸಲು ಬೇಕಾದ ಮೈನಸ್ ಉತ್ತರ ಬರುವುದೇ ಇಲ್ಲವಲ್ಲ. 2018ರಲ್ಲಿ ಕ್ರೋಮ್ ಬ್ರೌಸರ್‌ನ 70ನೇ ಆವೃತ್ತಿ ಟಿಮ್‌ಸಾರ್ಟ್ ಎಂಬ ಹೊಸ ಜೋಡಣೆ ವಿಧಾನಕ್ಕೆ ಬದಲಾಗುವ ಮೊದಲು, ಹತ್ತರೊಳಗಿನ ಪಟ್ಟಿಗೆ ಇಂಥ ಕೋಡ್ ಹೇಗೋ ನಡೆದುಬಿಡುತ್ತಿತ್ತು. ಹಳೇ ಕೋಡ್ ನಕಲು ಮಾಡುವವರು ಈಗಲೂ ಇಲ್ಲೇ ಎಡವುತ್ತಾರೆ. 'ಬಿ ಮೈನಸ್ ಎ' ಅಂತ ಬರೆದೆ, 10200 ಮೇಲೆ ಬಂತು.

ಆದರೆ ಹೊಸ ತಕರಾರು. ಕಾಕಾಗೆ ಮಾಲು ಬಂದ ಕ್ರಮವೂ ಬೇಕು, ಅದಕ್ಕೆ ಪಕ್ಕದಲ್ಲೇ ಇನ್ನೊಂದು ಪಟ್ಟಿ. ಅದೂ ದರದ ಪ್ರಕಾರ ತಿರುಗಿ ಕೂತಿತ್ತು. ಸಾರ್ಟ್ ಹೊಸ ಪಟ್ಟಿ ಕೊಡುವುದಿಲ್ಲ, ಇದ್ದದ್ದನ್ನೇ ಕದಲಿಸುತ್ತದೆ. ಜಾವಾಸ್ಕ್ರಿಪ್ಟ್‌ನ 2023ರ ಆವೃತ್ತಿಯಲ್ಲಿ ಬಂದ ಟುಸಾರ್ಟೆಡ್ ಎಂಬ ಆಜ್ಞೆ ಮೂಲವನ್ನು ಮುಟ್ಟದೆ ಬೇರೆ ಪ್ರತಿ ಕೊಡುತ್ತದೆ. ಇದಕ್ಕೂ ಹೋಲಿಸುವ ಫಂಕ್ಷನ್ ಕೊಡಲೇಬೇಕು, ಇಲ್ಲದಿದ್ದರೆ ಮತ್ತೆ ಅದೇ ನಿಘಂಟು. ನನ್ನ ಫೋನ್‌ನಲ್ಲಿ ಚೆನ್ನಾಗಿ ಓಡಿತು. ಅಂಗಡಿ ಗುಮಾಸ್ತರ ಹಳೇ ಫೋನ್‌ನಲ್ಲಿ ಪೇಜ್ ಖಾಲಿ. ಅದರ ಬ್ರೌಸರ್‌ಗೆ ಈ ಹೆಸರೇ ಗೊತ್ತಿಲ್ಲ.

ಅಂಕಿಗಳಿಗೆಂದೇ ಇರುವ ಫ್ಲೋಟ್64ಅರೇ ಎಂಬ ಪಟ್ಟಿಯನ್ನೂ ಸುಮ್ನೆ ನೋಡಿದೆ. ಇದು ಅಂಕಿಗಳನ್ನು ಅಂಕಿಗಳಾಗೇ ಹೋಲಿಸುತ್ತದೆ, ಫಂಕ್ಷನ್ ಬೇಡ. ಹತ್ತು ಲಕ್ಷ ಅಂಕಿ ಕೊಟ್ಟಾಗ ವೇಗದಲ್ಲಿ ಇದೇ ಮುಂದೆ. ನಮ್ಮದು ಇನ್ನೂರು ಸಾಲಿನ ಪಟ್ಟಿ, ಅಲ್ಲಿ ಏನೂ ಫರಕ್ ಕಾಣಲಿಲ್ಲ. ಮೇಲಾಗಿ ಇದರಲ್ಲಿ ಅಂಕಿ ಮಾತ್ರ ಹಿಡಿಯುತ್ತದೆ. ಯಾವ ದರ ಯಾರ ಚೀಲದ್ದು ಅಂತ ಗೊತ್ತಾಗದ ಪಟ್ಟಿ ಇಟ್ಟುಕೊಂಡು ದಲಾಲಿ ಅಂಗಡಿಯಲ್ಲಿ ಏನು ಮಾಡೋದು?

ಕೊನೆಗೆ ಉಳಿಸಿಕೊಂಡದ್ದು ಸ್ಲೈಸ್ ಎಂಬ ಹಳೇ ಆಜ್ಞೆಯಿಂದ ಪಟ್ಟಿಯ ಒಂದು ಪ್ರತಿ, ಅದರ ಮೇಲೆ ಸಾರ್ಟ್, ಒಳಗೆ 'ಬಿ ಮೈನಸ್ ಎ'. ನೋಡಲು ಹಳೇ ಕಾಲದ್ದು, ಆದರೆ ಎರಡೂ ಫೋನ್‌ನಲ್ಲಿ ನಡೆಯುತ್ತದೆ. ಒಂದು ಕೆಲಸ ಮಾತ್ರ ಸೇರಿಸಬೇಕಾಯಿತು. ಮಾರದ ಮಾಲಿನ ದರವನ್ನು ಕಾಕಾ ಖಾಲಿ ಬಿಡುತ್ತಾರೆ. ಕಳೆಯುವಾಗ ಆ ಖಾಲಿ ಅಕ್ಷರ 0 ಆಗಿಬಿಡುತ್ತದೆ. ಹಾಗಾಗಿ ಪಟ್ಟಿಯ ತಳದಲ್ಲಿ ಖಾಲಿ ಸಾಲು ಕೂತು, ದಿನದ ಕಡಿಮೆ ದರವೇ ಕಾಣುತ್ತಿರಲಿಲ್ಲ. ಈಗ ಮೊದಲು ಖಾಲಿ ಸಾಲು ತೆಗೆಯಲು ಫಿಲ್ಟರ್, ಆಮೇಲೆ ಸಾರ್ಟ್.