ಹತ್ತಿ ಉಂಡೆಯಿಂದ ಅಳತೆಯ ಸಿಲಿಕೋನಿಗೆ
ಎಡಗಡೆಯ ಸ್ತನ ತೆಗೆದ ಆಪರೇಷನ್ ಆಗಿ ಎರಡು ವರ್ಷ. ಮೊದಮೊದಲು ರವಿಕೆಯೊಳಗೆ ಹತ್ತಿ ತುಂಬಿಕೊಂಡೇ ಓಡಾಡಿದೆ. ಹತ್ತಿಗೆ ತೂಕ ಇಲ್ಲ ಅಲ್ವಾ, ಬಸ್ಸಿನಲ್ಲಿ ಕಂಬಿ ಹಿಡಿದರೆ ಸಾಕು, ಮೇಲಕ್ಕೆ ಜರುಗುತ್ತಿತ್ತು. ಆಮೇಲೆ ಕೊಂಡ ರೆಡಿಮೇಡ್ ಸಿಲಿಕೋನ್ ಕೃತಕ ಸ್ತನದಲ್ಲಿ ಕಂಕುಳ ಹತ್ತಿರದ ಗುಳಿ ಹಾಗೇ ಕಾಣುತ್ತಿತ್ತು.

ಈ ಸಲ ಅಳತೆ ಕೊಟ್ಟು ಮಾಡಿಸಿದೆ. ಎದೆಯ ಎರಡೂ ಕಡೆ ಸ್ಕ್ಯಾನ್ ಮಾಡಿದರು. ಮುಂಭಾಗ ನನ್ನ ಬಲಗಡೆಯದರ ಕನ್ನಡಿ ಪ್ರತಿ. ಹಿಂಭಾಗ ಗಾಯದ ಏರುತಗ್ಗಿಗೆ ತಕ್ಕ ಹಾಗೆ. ಬಗ್ಗಿ ರಂಗೋಲಿ ಹಾಕಿದರೂ ಅಲ್ಲಾಡಲ್ಲ! ಒಂದು ಕಡೆ ವಾಲುತ್ತಿದ್ದ ಭುಜಕ್ಕೂ ಈಗ ಹಾಯಾಗಿದೆ.

ದೂರು ಒಂದೇ, ಬೇಸಿಗೆಯಲ್ಲಿ ಬೆವರು ಜಾಸ್ತಿ. ದಿನಾ ರಾತ್ರಿ ಸೋಪಿನ ನೀರಲ್ಲಿ ತೊಳೆದು, ಒರೆಸಿ, ಡಬ್ಬಿಯಲ್ಲಿ ಇಡಬೇಕು. ಸೆರಗಿನ ಪಿನ್ನು ಮಾತ್ರ ಹುಷಾರು. ನನ್ನ ಹಳೇದು ತೂತಾಗಿದ್ದೇ ಅದರಿಂದ.