"ಎಲ್ಲ ಬೆಂಡೂ ಒಂದೇ ಸೈಜ್" ಎನ್ನುವ ವೈರಿಂಗ್ ಗುತ್ತಿಗೆದಾರರಿಂದ ಎಚ್ಚರ

ಗೋಡೆ ಕೊರೆಯದೆ ಹೊರಮೈಯಲ್ಲೇ ಕಬ್ಬಿಣದ ಪೈಪ್ ಹಾಕಿಸಿ ವೈರಿಂಗ್ ಮಾಡಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪೈಪ್ ಒಂದೇ ಇದ್ದರೆ ಚಿಂತೆಯಿಲ್ಲ. ಮೂರು ನಾಲ್ಕು ಪೈಪ್‌ಗಳು ಅಕ್ಕಪಕ್ಕದಲ್ಲಿ ಸಾಗಿ ಒಟ್ಟಿಗೆ ತಿರುಗಬೇಕಾದ ಕೆಲಸವಿದ್ದರೆ, ಆ ತಿರುವನ್ನು ಹೇಗೆ ಮಾಡುತ್ತೀರಿ ಎಂದು ಕೇಳಿ, ಉತ್ತರವನ್ನು ಪರೀಕ್ಷಿಸಿ, ಆಮೇಲೆ ಕೆಲಸ ಕೊಡಿ. ನಾನು ಕೇಳಿದಾಗ ಬಂದ ಉತ್ತರ ಇದು: "ಎಲ್ಲ ಬೆಂಡೂ ಒಂದೇ ಸೈಜ್ ಮೇಡಂ, ಅಂತರ ತಾನಾಗಿಯೇ ಸಮವಾಗಿ ಬರುತ್ತದೆ." ಕೇಳುವುದಕ್ಕೆ ಎಷ್ಟು ಸರಿಯೆನಿಸುತ್ತದೆ! ಆದರೆ ಬೆಂಡ್‌ಗಳೆಲ್ಲ, ಅಂದರೆ ತಿರುವಿಗೆ ಹಾಕುವ ಬಾಗಿದ ಪೈಪ್ ತುಂಡುಗಳೆಲ್ಲ, ಒಂದೇ ಸೈಜ್ ಆಗಿರುವುದರಿಂದಲೇ ಅಂತರ ಕೆಡುತ್ತದೆ. ಅಲ್ಲಿಂದ ಶುರುವಾದ ತೊಂದರೆ ಕೊನೆಗೆ ವೈರಿನ ಹೊದಿಕೆ ಹರಿಯುವವರೆಗೂ ಹೋಯಿತು.

ನಮ್ಮದು ಮೈಸೂರಿನ ಚಾಮರಾಜಪುರಂನಲ್ಲಿರುವ ಅಜ್ಜನ ಕಾಲದ ಮನೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳು, ಮರದ ತೊಲೆಗಳ ಮೇಲೆ ನಿಂತ ತಾರಸಿ. ಶಿವನಸಮುದ್ರದ ವಿದ್ಯುತ್ತಿನಿಂದ ಮೈಸೂರಿನಲ್ಲಿ ದೀಪ ಹೊತ್ತಿದ್ದು 1908ರಲ್ಲಿ. ಆಮೇಲೆ ಬಹಳ ಕಾಲ ಇಂತಹ ಮನೆಗಳಲ್ಲಿ ಮರದ ಪಟ್ಟಿಯೊಳಗೆ ವೈರ್ ಕೂರಿಸುವುದೇ ರೂಢಿಯಾಗಿತ್ತು. ನಮ್ಮ ಮನೆಯಲ್ಲೂ ಅದೇ ಉಳಿದಿತ್ತು. ವೈರಿನ ರಬ್ಬರ್ ಹೊದಿಕೆ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಹೊಸ ವೈರಿಂಗ್ ಆಗಲೇಬೇಕಿತ್ತು. ಸುಣ್ಣದ ಗಾರೆಯ ಗೋಡೆಗೆ ಕಟಿಂಗ್ ಯಂತ್ರ ಹಿಡಿದರೆ ಗೆರೆಯ ಎರಡೂ ಬದಿಗೆ ಗಾರೆ ಹಕ್ಕಳೆಯಾಗಿ ಎದ್ದುಬರುತ್ತದೆ. ಅದಕ್ಕಾಗಿಯೇ ಪೈಪ್ ಹೊರಗೇ ಇರಲಿ, ಆದರೆ ನೋಡಲು ಅಚ್ಚುಕಟ್ಟಾಗಿರಲಿ ಎಂದು ತೀರ್ಮಾನಿಸಿದೆವು.

ಹಜಾರದ ಡಿಬಿಯಿಂದ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯಿಂದ) 25 ಮಿಲಿಮೀಟರಿನ ನಾಲ್ಕು ಪೈಪ್‌ಗಳು ನೇರವಾಗಿ ಮೇಲೇರಿ, ತೊಲೆಗಳ ಕೆಳಗೆ ಬಲಕ್ಕೆ ತಿರುಗಿ, ಬಾಗಿಲ ಮೇಲಿನ ವೆಂಟಿಲೇಟರನ್ನು ದಾಟಲು ಓರೆಯಾಗಿ ಒಂದು ಮೆಟ್ಟಿಲು ಮೇಲೇರಿ ಮುಂದೆ ಹೋಗಬೇಕಿತ್ತು. ಪೈಪಿನ ನಡುವಿನಿಂದ ಪಕ್ಕದ ಪೈಪಿನ ನಡುವಿಗೆ 75 ಮಿಲಿಮೀಟರ್, ಅಂದರೆ ಮೂರು ಇಂಚು ಅಂತರ ಎಂದು ಮಾತಾಗಿತ್ತು.

ಗುತ್ತಿಗೆದಾರರು ಪರವಾನಗಿ ಇರುವವರೇ. ತಿರುವಿಗೆ ಅವರು ತಂದದ್ದು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬೆಂಡ್‌ಗಳು. ನಾಲ್ಕಕ್ಕೂ ಅದೇ ಬೆಂಡ್. ನೇರ ಭಾಗದಲ್ಲಿ ಪೈಪ್‌ಗಳು ಗೆರೆ ಎಳೆದಂತೆ ಕುಳಿತವು. ತಿರುವಿನಲ್ಲಿ ಮಾತ್ರ ಒಂದನ್ನೊಂದು ಬಿಟ್ಟು ಅಗಲವಾಗಿ ನಿಂತವು. ಮೂರು ಇಂಚು ಇರಬೇಕಾದ ಕಡೆ ನಾಲ್ಕು ಇಂಚಿಗಿಂತ ಹೆಚ್ಚು. ವೆಂಟಿಲೇಟರಿನ ಬಳಿ ಇದಕ್ಕೆ ತದ್ವಿರುದ್ಧ. ಅಲ್ಲಿ ನಾಲ್ಕೂ ಪೈಪ್‌ಗಳಿಗೆ ಒಂದೇ ನೇರದಲ್ಲಿ ಗುರುತು ಹಾಕಿ 45 ಡಿಗ್ರಿಗೆ ಬಗ್ಗಿಸಿದ್ದರು. ಓರೆ ಭಾಗದಲ್ಲಿ ಅಂತರ 53 ಮಿಲಿಮೀಟರಿಗೆ ಕುಗ್ಗಿ, ಪೈಪನ್ನು ಗೋಡೆಗೆ ಹಿಡಿದಿಡುವ ಸ್ಯಾಡಲ್‌ಗಳ ಕಿವಿ ಒಂದರ ಮೇಲೊಂದು ಹತ್ತಿ ಕುಳಿತವು.

ಇಷ್ಟಾದರೂ ಬಿಚ್ಚಿ ಮತ್ತೆ ಮಾಡಿದ್ದರೆ ಕಬ್ಬಿಣದ ಬೆಲೆಯಷ್ಟೇ ನಷ್ಟವಾಗುತ್ತಿತ್ತು. ಅವರು ಮಾಡಿದ್ದು ಬೇರೆ. ತಿರುವಿನ ಹೊರಗಿನ ಎರಡು ಪೈಪ್‌ಗಳನ್ನು ಹಾರೆಕೋಲಿನಿಂದ ಮೀಟಿ ಒಳಕ್ಕೆ ಒತ್ತಿದರು. ಬಗ್ಗದ ಕಡೆ ಸುತ್ತಿಗೆಯಿಂದ ಬಡಿದರು. ಸ್ಯಾಡಲ್ ಬಿಗಿದು ಬಣ್ಣ ಹೊಡೆದ ಮೇಲೆ ದೂರದಿಂದ ನೋಡುವವರಿಗೆ ಅಂತರ ಸುಮಾರಾಗಿ ಸರಿಹೋದಂತೆ ಕಾಣುತ್ತಿತ್ತು. ಒಳಗೆ ಒಂದು ಪೈಪ್ ಚಪ್ಪಟೆಯಾಗಿತ್ತು, ಪೈಪ್‌ಗಳನ್ನು ಜೋಡಿಸುವ ಒಂದು ಕಪ್ಲರಿನ ಬಾಯಿ ಓರೆಯಾಗಿತ್ತು. ಬಡಿಯುವುದನ್ನು ನಿಲ್ಲಿಸಿ ಎಂದು ನಾನು ಹೇಳಿದಾಗ "ವೈರ್ ಹೋಗುವುದಕ್ಕೆ ಬೇಕಾದಷ್ಟು ಜಾಗವಿದೆ ಮೇಡಂ" ಎಂಬ ಸಮಾಧಾನ ಸಿಕ್ಕಿತು. ವೈರ್ ಹೋಗಲಿಲ್ಲ. ಇಬ್ಬರು ಹುಡುಗರು ಏಣಿಯ ಮೇಲೆ ನಿಂತು ಜಗ್ಗಿ ಜಗ್ಗಿ ಎಳೆದರು.

ಮಳೆಗಾಲ ಹಿಡಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗಲು ಶುರುವಾಯಿತು. ಮೊದಲು ಅಪರೂಪಕ್ಕೆ, ಆಮೇಲೆ ಎತ್ತಿದ ಕೂಡಲೇ. ಗುತ್ತಿಗೆದಾರರು ಫ್ರಿಜ್ ಮೇಲೆ ತಪ್ಪು ಹೊರಿಸಿದರು, ನಂತರ ಗೀಸರ್ ಮೇಲೆ, ಕೊನೆಗೆ ಆರ್‌ಸಿಸಿಬಿಯನ್ನೇ ತೆಗೆದುಬಿಡೋಣ ಎಂದರು. ಈ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ. ಹೊದಿಕೆ ಹರಿದ ವೈರ್ ಪೈಪಿಗೆ ತಾಗಿ, ಆ ಪೈಪಿನ ಅರ್ಥಿಂಗ್ ಎಲ್ಲೋ ಒಂದು ಕಡೆ ಬಿಟ್ಟುಹೋಗಿದ್ದರೆ, ಗೋಡೆಯ ಮೇಲಿನ ಆ ಪೈಪ್ ಇಡಿಯಾಗಿ ಕರೆಂಟ್ ಹೊಡೆಯುತ್ತದೆ. ನಮ್ಮ ಮನೆಯ ಮಕ್ಕಳು ಡಿಬಿಯ ಪಕ್ಕದ ಅದೇ ಗೋಡೆಗೆ ಒರಗಿ ಕುಳಿತು ಓದುತ್ತಾರೆ. 30 ಮಿಲಿ ಆಂಪಿಯರ್ ಸೋರಿಕೆಗೆ ಕೈಕೊಡವಿ ಬೀಳುವ ಆ ಚಿಕ್ಕ ಪೆಟ್ಟಿಗೆ ಇರದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ನೆಂಟರೊಬ್ಬರು ಮದ್ದೂರು ಕಡೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಬಹಳ ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರ್ ಹಾಕಿ 500 ವೋಲ್ಟಿನಲ್ಲಿ ನೋಡಿದಾಗ ಒಂದು ಪೈಪಿನ ವೈರ್‌ಗಳು ಅರ್ಥಿಗೆ ಒಂದು ಮೆಗಾಓಮ್ ಕೂಡ ತೋರಿಸಲಿಲ್ಲ. ಕನಿಷ್ಠ ಇರಬೇಕಾದದ್ದೇ ಅಷ್ಟು. ವೈರ್ ಹೊರಗೆಳೆದರೆ ಚಪ್ಪಟೆಯಾದ ಜಾಗದಲ್ಲಿ ಹೊದಿಕೆ ಸಿಪ್ಪೆ ಸುಲಿದಂತೆ ಎದ್ದು ತಾಮ್ರ ಕಾಣುತ್ತಿತ್ತು. ಅವರು ಬೈಯಲಿಲ್ಲ, ತಲೆ ಚಚ್ಚಿಕೊಳ್ಳಲಿಲ್ಲ. "ತಾಯಿ, ಒಂದು ಮೊಳೆ, ಒಂದು ದಾರ, ಒಂದು ಸೀಮೆಸುಣ್ಣ ಕೊಡಿ" ಎಂದರು.

ಹಜಾರದ ನೆಲದ ಮೇಲೆ ಒಂದು ಹಲಗೆಯಿಟ್ಟು ಅದಕ್ಕೆ ಮೊಳೆ ಹೊಡೆದು, ದಾರ ಕಟ್ಟಿ, ಆ ಒಂದೇ ಮೊಳೆಯಿಂದ ನಾಲ್ಕು ಕಮಾನುಗಳನ್ನು ಎಳೆದರು. ತ್ರಿಜ್ಯಗಳು 150, 225, 300, 375 ಮಿಲಿಮೀಟರ್. "ರಾಗಿ ಕಣದಲ್ಲಿ ಗುಂಡುಕಲ್ಲು ಎಳೆಯುವ ಜೋಡೆತ್ತು ನೋಡಿದ್ದೀರಾ ತಾಯಿ? ಹೊರಗಿನ ಎತ್ತು ಹೆಚ್ಚು ದೂರ ನಡೆದರೆ ತಾನೆ ಎರಡೂ ಜೊತೆಯಾಗಿ ಇರುವುದು? ಇಲ್ಲಿ ಹೊರಗಿನ ಪೈಪಿಗೂ ಒಳಗಿನದಕ್ಕೂ ಒಂದೇ ಸುತ್ತು ಕೊಟ್ಟಿದ್ದಾರೆ." ಅಷ್ಟರಲ್ಲೇ ಎಲ್ಲವೂ ತಿಳಿಯಿತು.

ಲೆಕ್ಕ ಹೀಗೆ. ಒಂದೇ ತ್ರಿಜ್ಯದ ಬೆಂಡ್‌ಗಳನ್ನು 90 ಡಿಗ್ರಿ ತಿರುವಿನಲ್ಲಿ ಅಕ್ಕಪಕ್ಕ ಇಟ್ಟರೆ ಪ್ರತಿಯೊಂದರ ಕೇಂದ್ರವೂ ಬೇರೆ ಬೇರೆ. ಪಕ್ಕದ ಪೈಪ್ ಅಡ್ಡಕ್ಕೆ 75, ಉದ್ದಕ್ಕೆ 75 ಸರಿದಿರುತ್ತದೆ. ಹಾಗಾಗಿ ತಿರುವಿನ ನಡುವೆ ಕರ್ಣದ ಉದ್ದಕ್ಕೆ ಅಳೆದರೆ 75ರ 1.414 ಪಟ್ಟು, ಅಂದರೆ 106 ಮಿಲಿಮೀಟರ್. ಎಷ್ಟೇ ನಾಜೂಕಾಗಿ ಕೂರಿಸಿದರೂ ಇದು ತಪ್ಪುವುದಿಲ್ಲ. ಸಮವಾಗಿ ಬರಬೇಕಾದರೆ ನಾಲ್ಕಕ್ಕೂ ಕೇಂದ್ರ ಒಂದೇ ಆಗಬೇಕು, ಒಳಗಿನಿಂದ ಹೊರಗೆ ಹೋದಂತೆ ತ್ರಿಜ್ಯ 75ರಂತೆ ಬೆಳೆಯಬೇಕು, ಮತ್ತು ನಾಲ್ಕೂ ಬೆಂಡ್‌ಗಳು ಒಂದೇ ನೇರದ ಗೆರೆಯಿಂದ ಶುರುವಾಗಬೇಕು. ಕಮಾನಿನ ಉದ್ದ ತ್ರಿಜ್ಯದ 1.57 ಪಟ್ಟು: ಒಳಗಿನದಕ್ಕೆ 236, ಆಮೇಲೆ 353, 471, 589 ಮಿಲಿಮೀಟರ್. ಪ್ರತಿ ಪೈಪಿಗೂ ಹಿಂದಿನದಕ್ಕಿಂತ 118 ಮಿಲಿಮೀಟರ್ ಹೆಚ್ಚು. ಒಳಗಿನ ಪೈಪಿನ ತ್ರಿಜ್ಯವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಬೆಂಡಿನ ಒಳತ್ರಿಜ್ಯ ಪೈಪಿನ ಹೊರವ್ಯಾಸದ ಎರಡೂವರೆ ಪಟ್ಟಿಗಿಂತ ಕಡಿಮೆಯಾಗಬಾರದು ಎಂಬ ರೂಢಿಯ ನಿಯಮವನ್ನು ಮೀರಬಾರದು.

ಇಷ್ಟು ದೊಡ್ಡ ತ್ರಿಜ್ಯ ಬಗ್ಗಿಸುವ ಯಂತ್ರದ ಒಂದೇ ಅಚ್ಚಿನಲ್ಲಿ ಬರುವುದಿಲ್ಲ. ಇಲ್ಲೇ ಕೈಗುಣ ಇರುವುದು. ಅವರು 90 ಡಿಗ್ರಿಯನ್ನು 15 ಪಾಲು ಮಾಡಿ, ಒಂದೊಂದು ಗುರುತಿನಲ್ಲೂ 6 ಡಿಗ್ರಿಯಷ್ಟೇ ಬಗ್ಗಿಸುತ್ತ ಹೋದರು. ಪಾಲುಗಳ ಸಂಖ್ಯೆ ನಾಲ್ಕಕ್ಕೂ ಒಂದೇ; ಗುರುತುಗಳ ನಡುವಿನ ದೂರ ಮಾತ್ರ ಬೇರೆ. ಒಳಗಿನ ಪೈಪಿನಲ್ಲಿ ಹದಿನಾರು ಮಿಲಿಮೀಟರಿಗೆ ಸ್ವಲ್ಪ ಕಡಿಮೆ, ಹೊರಗಿನದರಲ್ಲಿ 39ಕ್ಕೆ ಸ್ವಲ್ಪ ಹೆಚ್ಚು. ಮೊದಲ ಗುರುತು ಶುರುವಿನ ಗೆರೆಯಿಂದ ಆ ದೂರದ ಅರ್ಧದಷ್ಟು ಒಳಗೆ. ಒಂದೊಂದು ಬಾಗಿನಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಕೊನೆಯಲ್ಲಿ ಏಳೂವರೆ ಡಿಗ್ರಿ ತಪ್ಪುತ್ತದೆ, ಹಾಗಾಗಿ ಪ್ರತಿ ಸಲವೂ ಕೋನ ನೋಡಬೇಕು. ಬಗ್ಗಿಸಿ ಬಿಟ್ಟ ಮೇಲೆ ಕಬ್ಬಿಣ ತುಸು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನೂ ಸೇರಿಸಿಕೊಂಡು ಒತ್ತಬೇಕು. ಪೈಪಿನ ಬೆನ್ನಿನ ಮೇಲೆ ಉದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದಿದ್ದರು, ಬಾಗು ಪಕ್ಕಕ್ಕೆ ತಿರುಚಿಕೊಳ್ಳದಿರಲಿ ಎಂದು. ಪೈಪಿನ ಉದ್ದಕ್ಕೂ ಇರುವ ವೆಲ್ಡಿಂಗ್ ಕೂಡಿದ ಗೆರೆ ಬಾಗಿನ ಒಳಗೂ ಬರಬಾರದು, ಹೊರಗೂ ಬರಬಾರದು, ಪಕ್ಕದಲ್ಲಿರಬೇಕು. ಬಗ್ಗಿಸಿದ ಪ್ರತಿ ಪೈಪನ್ನೂ ನೆಲದ ಕಮಾನಿನ ಮೇಲಿಟ್ಟು ನೋಡಿ, ಹೊಂದಿದ ಮೇಲೆಯೇ ಗೋಡೆಗೆ ಏರಿಸಿದರು. ಆ ತಾಳ್ಮೆಯನ್ನು ನೋಡುತ್ತ ಕೂತಿದ್ದೇ ನನಗೊಂದು ಪಾಠವಾಯಿತು. ಹೀಗೆ ಕೆಲಸ ಮಾಡುವವರಿಗೆ ಅಡಿ ಲೆಕ್ಕದಲ್ಲಿ ಕೂಲಿ ಕಟ್ಟುವುದು ಅನ್ಯಾಯ; ತಿರುವಿಗೆ ಬೇರೆ ದರ ಕೊಡಿ, ಅದು ನ್ಯಾಯ.

ವೆಂಟಿಲೇಟರಿನ ಓರೆಗೆ ಬೇರೆ ಉಪಾಯ. ಅಲ್ಲಿ ಪೈಪ್ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಬಾಗುವುದರಿಂದ, ಮೊದಲ ಬಾಗಿನಲ್ಲಿ ಒಳಗಿದ್ದ ಪೈಪ್ ಎರಡನೆಯದರಲ್ಲಿ ಹೊರಗಾಗುತ್ತದೆ. ಎಲ್ಲಕ್ಕೂ ಒಂದೇ ತ್ರಿಜ್ಯವೇ ಇರಲಿ, ಆದರೆ ಗುರುತು ಸರಿಯಬೇಕು. ಎಷ್ಟು ಸರಿಯಬೇಕೆಂದರೆ, ಅಂತರವನ್ನು ಬಾಗಿನ ಅರ್ಧ ಕೋನದ ಟ್ಯಾನ್‌ನಿಂದ (ತ್ರಿಕೋನಮಿತಿಯ ಟ್ಯಾಂಜೆಂಟ್) ಗುಣಿಸಿದಷ್ಟು. 30 ಡಿಗ್ರಿಗೆ ಆ ಸಂಖ್ಯೆ 0.268, 45 ಡಿಗ್ರಿಗೆ 0.414. ನಮ್ಮ 75 ಮಿಲಿಮೀಟರಿಗೆ 45 ಡಿಗ್ರಿಯಲ್ಲಿ 31 ಮಿಲಿಮೀಟರ್, 30 ಡಿಗ್ರಿಯಲ್ಲಿ 20. ಮೇಲಕ್ಕೆ ಏರುವ ಓರೆಯಲ್ಲಿ ಎಲ್ಲಕ್ಕಿಂತ ಮೇಲಿನ ಪೈಪ್ ಮೊದಲು ಬಾಗುತ್ತದೆ, ಅದರ ಕೆಳಗಿನದು ಅಷ್ಟು ಮುಂದೆ ಹೋಗಿ ಬಾಗುತ್ತದೆ, ಅದರ ಕೆಳಗಿನದು ಇನ್ನೂ ಅಷ್ಟು ಮುಂದೆ. ಎರಡು ಬಾಗುಗಳ ನಡುವಿನ ಉದ್ದ ಮಾತ್ರ ಎಲ್ಲದರಲ್ಲೂ ಒಂದೇ. ಅವರು 30 ಡಿಗ್ರಿಯನ್ನೇ ಆರಿಸಿಕೊಂಡರು. ವೈರ್ ಎಳೆಯಲು ಸಲೀಸು. ಎಲ್ಲ ಮುಗಿದ ಮೇಲೆ ಒಬ್ಬರೇ ನಿಂತು ವೈರ್ ಎಳೆದರು, ಜಗ್ಗುವ ಪ್ರಶ್ನೆಯೇ ಬರಲಿಲ್ಲ.

ಪಿವಿಸಿ ಪೈಪ್ ಹಾಕಿಸುವವರಿಗೂ ಇದೇ ಲೆಕ್ಕ. 25 ಮಿಲಿಮೀಟರ್ ತನಕ ಒಳಗೆ ಸ್ಪ್ರಿಂಗ್ ಹಾಕಿ ಕೈಯಲ್ಲೇ ಬಗ್ಗಿಸಬಹುದು, ಆದರೆ ಮಂಡಿಗೆ ಒತ್ತಿ ಬಗ್ಗಿಸಿದರೆ ನಾಲ್ಕಕ್ಕೆ ನಾಲ್ಕು ತರಹದ ಬಾಗು ಬರುತ್ತದೆ. ಒಂದೊಂದು ತ್ರಿಜ್ಯಕ್ಕೂ ಪ್ಲೈವುಡ್ ಅಚ್ಚು ಕತ್ತರಿಸಿಕೊಂಡು ಅದರ ಸುತ್ತ ನಿಧಾನವಾಗಿ ಬಗ್ಗಿಸಿಸಿ. ಬೆಂಕಿಪೊಟ್ಟಣ, ಪೇಪರ್ ಉರಿಯಲ್ಲಿ ಪೈಪ್ ಕಾಯಿಸುವವರನ್ನು ಅಲ್ಲಿಯೇ ತಡೆಯಿರಿ.

ಕೆಲಸ ಒಪ್ಪಿಸುವ ಮುಂಚೆ ಗಮನಿಸಬೇಕಾದ ಸೂಚನೆಗಳಿವೆ. ಗುತ್ತಿಗೆದಾರರು ಕೊಡುವ ಸಾಮಾನಿನ ಪಟ್ಟಿಯಲ್ಲಿ ಒಂದೇ ಸೈಜಿನ ರೆಡಿಮೇಡ್ ಬೆಂಡ್‌ಗಳ ಸಂಖ್ಯೆ ಬರೆದಿದ್ದರೆ, ಸಾಲಾಗಿ ಹೋಗುವ ಪೈಪ್‌ಗಳ ತಿರುವಿಗೂ ಅದೇ ಬೆಂಡಾ ಎಂದು ಕೇಳಿ. ತಿರುವಿನ ತ್ರಿಜ್ಯ ಎಷ್ಟೆಂದು ಕೇಳಿದಾಗ ಸಂಖ್ಯೆ ಬರಬೇಕು. "ನೋಡಿಕೊಳ್ಳೋಣ" ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದು ತಿರುವನ್ನು ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಬರೆದು ತೋರಿಸಲು ಹೇಳಿ. ಬಣ್ಣ ಹೊಡೆಯುವ ಮುಂಚೆ ನೀವೇ ಟೇಪ್ ಹಿಡಿದು ತಿರುವಿನ ನಡುವೆ ಅಳೆಯಿರಿ, ಹತ್ತಿರದಿಂದ ಫೋಟೊ ತೆಗೆದಿಟ್ಟುಕೊಳ್ಳಿ. ವೈರ್ ಎಳೆದ ಮೇಲೆ, ಸ್ವಿಚ್ಚು ದೀಪ ಯಾವುದನ್ನೂ ಜೋಡಿಸುವ ಮುಂಚೆ, ಮೆಗ್ಗರ್ ಅಳತೆಯನ್ನು ನಿಮ್ಮ ಎದುರಿಗೇ ಮಾಡಿಸಿ ಬರೆಸಿಕೊಳ್ಳಿ. ನಮ್ಮ ಮೊದಲ ಗುತ್ತಿಗೆದಾರರು ಬಣ್ಣ ಒಣಗುವ ಮುಂಚೆಯೇ ಪೂರ್ತಿ ಹಣ ಕೇಳಿ ಪಡೆದುಕೊಂಡಿದ್ದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಎರಡನೆಯ ಸಲ ನಾವು ಒಪ್ಪಂದದ ಕಾಗದದಲ್ಲಿ ಬರೆಸಿದ ಸಾಲುಗಳು ಇವು, ಬೇಕಾದವರು ಹಾಗೆಯೇ ಬಳಸಿಕೊಳ್ಳಬಹುದು: "ಜೊತೆಯಾಗಿ ಸಾಗುವ ಪೈಪ್‌ಗಳ 90 ಡಿಗ್ರಿ ತಿರುವುಗಳನ್ನು ಒಂದೇ ಕೇಂದ್ರದ ಸುತ್ತ ಬಗ್ಗಿಸಬೇಕು. ತಿರುವಿನಲ್ಲೂ ಓರೆಯಲ್ಲೂ ಪೈಪ್‌ಗಳ ನಡುವಿನ ಅಂತರ ನೇರ ಭಾಗದ ಅಂತರಕ್ಕಿಂತ 5 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗಬಾರದು. ಸುತ್ತಿಗೆ ಅಥವಾ ಹಾರೆಯಿಂದ ಒತ್ತಿ ಸರಿಪಡಿಸಿದ, ಚಪ್ಪಟೆಯಾದ ಪೈಪನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿ ಬದಲಿಸಬೇಕು. ಅಂತಿಮ ಕಂತನ್ನು ಮೆಗ್ಗರ್ ಅಳತೆಯ ನಂತರ ಕೊಡಲಾಗುವುದು."