ನೋಲಿ ಮೆ ತಾಂಗೆರೆ: ಪುಕ್ಕಟೆ ಪ್ರತಿ, ಅಗ್ಗದ ಪ್ರತಿ, ಪೆಂಗ್ವಿನ್ ಪ್ರತಿ

ಸ್ಪೇನ್ ಆಳುತ್ತಿದ್ದ ಕಾಲದ ಫಿಲಿಪೀನ್ಸ್ ಬಗ್ಗೆ ಅಲ್ಲಿನವರೇ ಆದ ಹೊಸೆ ರಿಸಾಲ್ ಬರೆದ ಸ್ಪ್ಯಾನಿಷ್ ಕಾದಂಬರಿ ‘ನೋಲಿ ಮೆ ತಾಂಗೆರೆ’ ಓದಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ತಗೊಳ್ಳುವುದಾದರೆ ಪೆಂಗ್ವಿನ್ ಕ್ಲಾಸಿಕ್ಸ್ ತಗೊಳ್ಳಿ, ಹೆರಾಲ್ಡ್ ಆಗೆನ್‌ಬ್ರಾಮ್ ಅನುವಾದ, 2006ರದ್ದು. ದುಡ್ಡು ಬಿಚ್ಚಲ್ಲ ಅಂದರೆ ಚಾರ್ಲ್ಸ್ ಡರ್ಬಿಶೈರ್ 1912ರಲ್ಲಿ ‘ದಿ ಸೋಷಿಯಲ್ ಕ್ಯಾನ್ಸರ್’ ಹೆಸರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಇವೆರಡರ ನಡುವೆ ಮೂರನೆಯದೊಂದಿದೆ. ಅದರ ತಂಟೆಗೆ ಮಾತ್ರ ಹೋಗಬೇಡಿ.

ಅದೇನು ಅಂದರೆ, ಡರ್ಬಿಶೈರ್ ಅವರ ಆ ಪುಕ್ಕಟೆ ಪಠ್ಯವನ್ನೇ ಯಾರೋ ಇಳಿಸಿಕೊಂಡು, ಚೆಂದದ ರಕ್ಷಾಪುಟ ಹೊದಿಸಿ ಮಾರುವ ಅಗ್ಗದ ಪ್ರತಿ. ಪ್ರಕಾಶಕರ ಹೆಸರು ಬೇಡ ಬಿಡಿ. ಡರ್ಬಿಶೈರ್ ಅಡಿಟಿಪ್ಪಣಿ ಕೊಟ್ಟಿದ್ದಾರೆ, ಹೊಸಬರಿಗೆ ಅವು ಬೇಕು ಕೂಡ. ಇಲ್ಲಿ ಅವು ಅಡಿಯಲ್ಲಿ ನಿಂತಿಲ್ಲ, ಪ್ಯಾರಾದ ಮಧ್ಯಕ್ಕೇ ನುಗ್ಗಿವೆ. ಪಾತ್ರ ಮಾತಾಡುತ್ತಿರುತ್ತದೆ, ಸಡನ್ನಾಗಿ ಅನುವಾದಕರ ವಿವರಣೆ ಶುರುವಾಗುತ್ತದೆ. ಯಾರ ಮಾತು ಯಾವುದು ಗೊತ್ತಾಗಲ್ಲ. ದೋನ್ಯಾ ವಿಕ್ಟೋರಿನಾ ಅನ್ನುವ ಪಾತ್ರ ಬಂದಲ್ಲೆಲ್ಲ ಹೆಸರಿನ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಸೀಸಾಳ ಅಧ್ಯಾಯದಲ್ಲಂತೂ ನನಗೆ ರೇಗಿಹೋಯಿತು. ಚರ್ಚಿನಲ್ಲಿ ಗಂಟೆ ಹೊಡೆಯುವ ಮಕ್ಕಳಿಬ್ಬರು ಮನೆಗೆ ಬರುತ್ತಾರೆ ಅಂತ ಅವಳು ಅಡುಗೆ ಮಾಡಿ ಕಾಯುತ್ತಾಳೆ. ಗಂಡ ಬಂದು ಎಲ್ಲ ತಿಂದು ಹೋಗುತ್ತಾನೆ. ಮೂರು ಪುಟ್ಟ ಮೀನು ಉಳಿಯುತ್ತವೆ. ಇತ್ತ ಕಿರಿಯವನು ಕ್ರಿಸ್ಪಿನ್ ಮೇಲೆ ಚಿನ್ನದ ನಾಣ್ಯ ಕದ್ದ ಆರೋಪ. ಓದುವವರ ಗಂಟಲು ಕಟ್ಟುವ ಜಾಗ ಅದು. ಅಲ್ಲಿ, ವಾಕ್ಯದ ನಟ್ಟನಡುವೆ, ಹಳೆ ಪುಸ್ತಕದ ಪುಟಸಂಖ್ಯೆ ಬಂದು ಕೂತಿದೆ! ಇದಕ್ಕೆ ದುಡ್ಡು ಬೇರೆ ಕೊಡಬೇಕಾ? ಅದೇ ಪಠ್ಯ ಮೊಬೈಲಿನಲ್ಲಿ ಪುಕ್ಕಟೆಯಾಗಿ, ಟಿಪ್ಪಣಿಗಳೆಲ್ಲ ಜಾಗದಲ್ಲೇ ಇದ್ದು, ನೀಟಾಗಿ ಓದಿಸಿಕೊಳ್ಳುತ್ತದೆ.

ಅಗ್ಗದ ಅಚ್ಚಿನ ಕಷ್ಟ ರಿಸಾಲ್ ಅವರಿಗೂ ಇತ್ತು ಅನ್ನಿ. 1887ರಲ್ಲಿ ಬರ್ಲಿನ್‌ನಲ್ಲಿ 2,000 ಪ್ರತಿ ಅಚ್ಚಾಗಿದ್ದು ಗೆಳೆಯ ಮಾಕ್ಸಿಮೊ ವಿಯೋಲಾ ಕೊಟ್ಟ ಸಾಲದಿಂದ. ಖರ್ಚು ಉಳಿಸಲು ಎಲಿಯಾಸ್ ಮತ್ತು ಸಲೋಮೆ ಅನ್ನುವ ಪಾತ್ರಗಳ ಅಧ್ಯಾಯವನ್ನೇ ಕೈಬಿಟ್ಟರು. ಸ್ಪ್ಯಾನಿಷ್ ಸರ್ಕಾರ 1896ರ ಡಿಸೆಂಬರ್ 30ರಂದು ರಿಸಾಲ್ ಅವರನ್ನು ಗುಂಡಿಟ್ಟು ಕೊಂದಿತು. 1956ರ ಕಾನೂನಿನಿಂದ ಈ ಕಾದಂಬರಿ ಈಗ ಫಿಲಿಪೀನ್ಸ್‌ನಲ್ಲಿ ಕಡ್ಡಾಯ ಪಾಠ.

ಇನ್ನು ಪೆಂಗ್ವಿನ್ ಯಾಕೆ? ಊಟದ ದೃಶ್ಯ ಓದಿ ನೋಡಿ. ಕ್ಯಾಪ್ಟನ್ ಟಿಯಾಗೊ ಮನೆಯಲ್ಲಿ ಕೋಳಿ ಸಾರು ‘ಟಿನೋಲಾ’ ಬಡಿಸುತ್ತಾರೆ. ಯುರೋಪಿನಿಂದ ಬಂದ ಕಥಾನಾಯಕ ಇಬಾರಾ ತಟ್ಟೆಗೆ ಒಳ್ಳೊಳ್ಳೆ ತುಂಡು. ಪಾದ್ರಿ ದಾಮಾಸೊ ತಟ್ಟೆಗೆ ಬರೀ ಕುತ್ತಿಗೆ, ಗಟ್ಟಿ ರೆಕ್ಕೆ, ರಾಶಿ ಸೋರೆಕಾಯಿ. ಪಾದ್ರಿ ಸೋರೆಕಾಯಿ ಕಿವುಚಿ, ಚಮಚ ಕುಕ್ಕಿ, ತಟ್ಟೆ ತಳ್ಳುತ್ತಾರೆ. ಊರಿಗೆಲ್ಲ ಯಜಮಾನನಂತೆ ಮೆರೆಯುವ ಪಾದ್ರಿಯ ದರ್ಪ ಇಷ್ಟರಲ್ಲೇ ಗೊತ್ತಾಗುತ್ತದೆ. ಆಗೆನ್‌ಬ್ರಾಮ್ ಓದುವಾಗ ನಗು ತಕ್ಷಣ ಬರುತ್ತದೆ. ಡರ್ಬಿಶೈರ್ ವಾಕ್ಯಗಳು ಉದ್ದ, ನೂರು ವರ್ಷ ಹಳೆಯ ಇಂಗ್ಲಿಷ್. ಬಸ್ಸಿನಲ್ಲಿ ನಿಂತು ಓದುವ ನನ್ನಂಥವರಿಗೆ ಒಂದು ಸ್ಟಾಪ್ ದಾಟುವಷ್ಟರಲ್ಲಿ ಎಳೆ ತಪ್ಪುತ್ತದೆ.

ಪೆಂಗ್ವಿನ್‌ನಲ್ಲಿ ಟಿಪ್ಪಣಿ ಪುಸ್ತಕದ ಕೊನೆಯಲ್ಲಿವೆ, ಪುಟ ಮಗುಚುತ್ತಿರಬೇಕು. ಡರ್ಬಿಶೈರ್ ಬರೆದ ಉದ್ದ ಪೀಠಿಕೆ ಮಾತ್ರ ಬಿಡಬೇಡಿ. ಸ್ಪೇನ್ ಹೋಗಿ ಅಮೆರಿಕ ಆಳುತ್ತಿದ್ದ ಕಾಲದ್ದು, ಅದು ನೆನಪಿರಲಿ.

ಫಿಲಿಪೀನ್ಸ್‌ನವರೇ ಆದ ಸೊಲೆದಾದ್ ಲಾಕ್ಸನ್-ಲೊಕ್ಸಿನ್ ಅವರ ಅನುವಾದವೂ ಇದೆ. ಗೆಳೆಯರ ಪ್ರತಿ ಎರವಲು ತಂದು ಸ್ವಲ್ಪ ಓದಿದೆ, ಇಷ್ಟ ಆಯಿತು. ಆದರೆ ಹೊರದೇಶದಿಂದ ತರಿಸುವ ಖರ್ಚು ನನ್ನ ಜೇಬಿಗೆ ಆಗಲ್ಲ.

ಮುಂದಿನ ಭಾಗ ‘ಎಲ್ ಫಿಲಿಬುಸ್ಟೆರಿಸ್ಮೊ’ಗೂ ಪೆಂಗ್ವಿನ್‌ನಲ್ಲಿ ಆಗೆನ್‌ಬ್ರಾಮ್ ಅವರೇ ಅನುವಾದಕರು. ಪುಸ್ತಕದ ದುಡ್ಡು ಸದ್ಯಕ್ಕೆ ಮುಗಿದಿದೆ. ಅದಕ್ಕೇ ಡರ್ಬಿಶೈರ್ ಅವರ ‘ದಿ ರೀನ್ ಆಫ್ ಗ್ರೀಡ್’ ಅನ್ನು ರಾತ್ರಿ ಮೊಬೈಲಿನಲ್ಲಿ ಓದುತ್ತಿದ್ದೇನೆ. ಮನೆಯಲ್ಲಿ ಕೂತು ಓದುವುದಕ್ಕೆ ಉದ್ದ ವಾಕ್ಯಗಳಾದರೂ ಪರವಾಗಿಲ್ಲ.